ಲೇಕಾಕ್ ಅಬೆ: ಇದು ಮಠವೋ ಮನೆಯೋ? ಇದರಲ್ಲಿ ‘ಮೂಲ’ ಅಂತ ಯಾವುದನ್ನು ಕರೆಯೋಣ?

ಬಾತೂರ_ಸೊಸೆ

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ಅತ್ತೆಯನ್ನೂ ಮಗಳನ್ನೂ ಕರಕೊಂಡು ಲೇಕಾಕ್ ಅಬೆಗೆ ಹೋಗಿದ್ದೆ. ಅಬೆ ಅಂದರೆ ಕ್ರೈಸ್ತ ಸನ್ಯಾಸಿಗಳ ಮಠ. ಇದು ಇಂಗ್ಲೆಂಡಿನ ವಿಲ್ಟ್‌ಶರ್‌ನಲ್ಲಿ, ಏವನ್ ಹೊಳೆಯ ಪಕ್ಕದಲ್ಲಿದೆ. ನಾವಿರುವ ಬಾತ್‌ನಿಂದ ಕಾರಲ್ಲಿ ಅರ್ಧ ಗಂಟೆ ಚಿಲ್ಲರೆ ಅಷ್ಟೆ. ಏಳು ವರ್ಷದಿಂದ ಇಲ್ಲೇ ಇದ್ದರೂ ನಾನು ಹೋಗಿರಲಿಲ್ಲ. ಅತ್ತೆ ಊರಿಂದ ಬಂದ ಮೇಲೆಯೇ ಯೋಗ ಬಂತು.

ಒಳಗೆ ಮೊದಲು ಸಿಗುವುದು ಕೈಸಾಲೆ. ನಡುವೆ ಚೌಕಾಕಾರದ ಹುಲ್ಲಿನ ಅಂಗಳ, ಅದರ ಸುತ್ತ ಕಲ್ಲಿನ ಕಮಾನು, ಮೇಲೆ ನೋಡಿದರೆ ಬೀಸಣಿಗೆ ಬಿಚ್ಚಿದ ಹಾಗೆ ಹರಡಿಕೊಂಡ ಕಲ್ಲುಪಟ್ಟಿಗಳು, ಪಟ್ಟಿ ಕೂಡುವ ಕಡೆಯೆಲ್ಲ ಒಂದೊಂದು ಕೆತ್ತನೆಯ ಉಬ್ಬು. ಅತ್ತೆ ಒಂದು ಸುತ್ತು ಹಾಕಿದರು. ಎರಡನೇ ಸುತ್ತು ಹಾಕಿದರು. ಆಮೇಲೆ ನನ್ನ ಹತ್ತಿರ ಬಂದು, “ದೇವಸ್ಥಾನದ ಪೌಳಿ ಇದ್ದ ಹಾಗೇ ಇದೆ. ಆದರೆ ದೇವರೆಲ್ಲಿ?” ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿಂದ ಮೆಟ್ಟಿಲು ಹತ್ತಿ ಮೇಲೆ ಹೋದರೆ ಸೋಫಾ, ಪುಸ್ತಕದ ಕಪಾಟು, ಮನೆಯವರ ತೈಲಚಿತ್ರಗಳು. ಅಪ್ಪಟ ಮನೆ. ಇನ್ನೊಂದು ಬದಿಯಲ್ಲಿ ದೊಡ್ಡ ಹಜಾರ, ಅದರ ಗೋಡೆಯ ಗೂಡುಗಳಲ್ಲಿ ಸುಟ್ಟ ಮಣ್ಣಿನ ಮೂರ್ತಿಗಳು. ಮತ್ತೊಂದು ಮೂಲೆಯಲ್ಲಿ ಎಂಟು ಮೂಲೆಯ ಗೋಪುರ. ಒಂದರ ಪಕ್ಕ ಒಂದು, ಒಂದೊಂದೂ ಬೇರೆ ಬೇರೆ ಕಾಲದ್ದು ಅಂತ ಗೊತ್ತಾಗುತ್ತದೆ. ಆದರೆ ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು ನನ್ನ ತಲೆಗೆ ಹೋಗಲಿಲ್ಲ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ. ಅತ್ತೆ ಇನ್ನೂ ಮೂರು ವಾರ ಇರುತ್ತಾರೆ. ಅವರ ಪ್ರಶ್ನೆಗೆ ಉತ್ತರ ಇಟ್ಟುಕೊಂಡು ಇನ್ನೊಂದು ಸಲ ಕರಕೊಂಡು ಹೋಗಬೇಕು ಅಂತಿದ್ದೇನೆ.

ಇತಿಹಾಸದ_ಮೇಷ್ಟ್ರು

ತಾಯೀ, ನಿಮ್ಮ ಅತ್ತೆಯವರು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ. ದೇವರಿದ್ದ ಜಾಗವನ್ನು ಕೆಡವಿ ಹಾಕಿದ್ದಾರೆ. ಆ ಕೈಸಾಲೆಯ ತೆಂಕಣ ಬದಿಗೆ ಅಂಟಿಕೊಂಡೇ ಚರ್ಚ್ ಇತ್ತು. ಈಗ ಅಲ್ಲಿ ಬರೀ ಹುಲ್ಲು.

ಮೊದಲಿಂದ ಹೇಳುತ್ತೇನೆ. ಸಾಲ್ಸ್‌ಬರಿಯ ಕೌಂಟೆಸ್ ಈಲಾ ಅನ್ನುವ ಹೆಣ್ಣುಮಗಳು 1232ರಲ್ಲಿ ಇಲ್ಲಿ ಸನ್ಯಾಸಿನಿಯರ ಮಠಕ್ಕೆ ಅಡಿಗಲ್ಲು ಹಾಕಿಸಿದಳು. ಗಂಡ ವಿಲಿಯಂ ಲಾಂಗೆಸ್ಪೆ ತೀರಿಕೊಂಡಿದ್ದ. ಅವನು ಎರಡನೇ ಹೆನ್ರಿ ದೊರೆಯ ಮಗ, ಆದರೆ ಪಟ್ಟದ ರಾಣಿಯ ಹೊಟ್ಟೆಯಲ್ಲಿ ಹುಟ್ಟಿದವನಲ್ಲ. ಈಲಾ ಎಂಥ ಗಟ್ಟಿಗಿತ್ತಿ ಅಂದರೆ ಗಂಡ ಹೋದ ಮೇಲೆ ದೊರೆಯ ಪರವಾಗಿ ವಿಲ್ಟ್‌ಶರ್ ನೋಡಿಕೊಳ್ಳುವ ಶೆರಿಫ್ ಅಧಿಕಾರವನ್ನೂ ತಾನೇ ನಡೆಸಿದಳು. ಆಮೇಲೆ ತನ್ನದೇ ಮಠ ಸೇರಿ ಅದರ ಮುಖ್ಯಸ್ಥೆಯಾದಳು. 1261ರಲ್ಲಿ ತೀರಿಕೊಂಡಳು. ಅವಳ ಸಮಾಧಿ ಕಲ್ಲು ಅಲ್ಲೇ ಕೈಸಾಲೆಯಲ್ಲಿದೆ. ನಿಮ್ಮ ಅತ್ತೆ ಎರಡು ಸುತ್ತು ಹಾಕಿದಾಗ ಎರಡು ಸಲವೂ ಅದನ್ನು ದಾಟಿಯೇ ಹೋಗಿರುತ್ತಾರೆ.

ನೀವು ಕಂಡ ಕಲ್ಲುಪಟ್ಟಿಯ ಕಮಾನು ಈಲಾಳ ಕಾಲದ್ದಲ್ಲ. ಅದನ್ನು 15ನೇ ಶತಮಾನದಲ್ಲಿ ಹೊಸದಾಗಿ ಕಟ್ಟಿದರು. ಅಂದರೆ ಮಠವಾಗಿ ಇದ್ದಾಗಲೇ ಆ ಕಟ್ಟಡ ಒಮ್ಮೆ ಬದಲಾಗಿದೆ. ‘ಮೂಲ’ ಹುಡುಕುವವರು ಇದನ್ನು ಮೊದಲೇ ನೆನಪಿಟ್ಟುಕೊಳ್ಳಬೇಕು.

ಎಂಟನೇ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸಿದ. ಲೇಕಾಕ್ ಸರದಿ ಬಂದದ್ದು ಕೊನೆಕೊನೆಗೆ, 1539ರಲ್ಲಿ. ಮರುವರ್ಷವೇ ವಿಲಿಯಂ ಶಾರಿಂಗ್ಟನ್ ಅನ್ನುವ ಆಸ್ಥಾನಿಕ 783 ಪೌಂಡಿಗೆ ಇದನ್ನು ಕೊಂಡ. ಚರ್ಚ್ ಕೆಡವಿಸಿದವನು ಅವನೇ.

ಕಡಲತಡಿ

ಮೇಷ್ಟ್ರೇ, ಚರ್ಚ್ ಯಾಕೆ ಕೆಡವಬೇಕಿತ್ತು? ಮಿಕ್ಕಿದ್ದನ್ನು ಉಳಿಸಿಕೊಂಡವನು ಅದನ್ನೂ ಉಳಿಸಿಕೊಳ್ಳಬಹುದಿತ್ತಲ್ಲ?

ಇತಿಹಾಸದ_ಮೇಷ್ಟ್ರು

ಮುಚ್ಚಿದ ಮಠಗಳ ಛಾವಣಿಯ ಸೀಸ, ಗೋಪುರದ ಗಂಟೆ ಇವೆಲ್ಲ ದೊರೆಯ ಬೊಕ್ಕಸಕ್ಕೆ ಹೋಗುತ್ತಿದ್ದವು. ಸೀಸ ಕಿತ್ತ ಮೇಲೆ ಛಾವಣಿ ಸೋರುತ್ತದೆ, ಮರ ಕೊಳೆಯುತ್ತದೆ. ಅದೂ ಅಲ್ಲದೆ ಚರ್ಚ್ ನಿಂತಿದ್ದರೆ ನಾಳೆ ಕಾಲ ತಿರುಗಿ ಸನ್ಯಾಸಿಗಳು ಮತ್ತೆ ಬಂದಾರು ಅನ್ನುವ ಭಯ ಅಧಿಕಾರದಲ್ಲಿದ್ದವರಿಗೆ ಇತ್ತು. ಮಠ ಕೊಂಡವನಿಗೆ ಬೇಕಾಗಿದ್ದದ್ದು ವಾಸಕ್ಕೆ ಕೋಣೆಗಳು. ಅಷ್ಟೆತ್ತರದ ಪ್ರಾರ್ಥನೆಯ ಮಂದಿರ ಇಟ್ಟುಕೊಂಡು ಅವನೇನು ಮಾಡಬೇಕು? ಕೆಡವಿದರೆ ಕೆತ್ತಿ ಸಿದ್ಧವಾದ ಕಲ್ಲು ಮನೆಬಾಗಿಲಲ್ಲೇ ಸಿಗುತ್ತದೆ.

ಸುಣ್ಣಗಾರೆ

ನಾನು ಹಳೆಯ ಕಟ್ಟಡಗಳ ದುರಸ್ತಿ ಕೆಲಸ ಮಾಡುವವಳು. ಓದುವ ದಿನಗಳಲ್ಲಿ ಲೇಕಾಕ್‌ಗೆ ನಾಲ್ಕು ಸಲ ಹೋಗಿದ್ದೇನೆ, ಮನಸ್ಸಿಗೆ ತುಂಬಾ ಹತ್ತಿರವಾದ ಜಾಗ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಈ ಮನೆಯ ಗುಟ್ಟು ಇರುವುದು ಮೆಟ್ಟಿಲಲ್ಲಿ. ಸೊಸೆಯವರು ಒಂದು ಮಾತು ಬರೆದಿದ್ದಾರೆ ನೋಡಿ, “ಮೆಟ್ಟಿಲು ಹತ್ತಿ ಮೇಲೆ ಹೋದರೆ ಅಪ್ಪಟ ಮನೆ” ಅಂತ. ಶಾರಿಂಗ್ಟನ್ ಮಾಡಿದ್ದು ಅದನ್ನೇ. ಸನ್ಯಾಸಿನಿಯರು ಮಲಗುತ್ತಿದ್ದದ್ದು, ಊಟಕ್ಕೆ ಕೂರುತ್ತಿದ್ದದ್ದು ಮೇಲಂತಸ್ತಿನಲ್ಲಿ. ಆ ಕೋಣೆಗಳನ್ನೇ ಅವನು ತನ್ನ ವಾಸದ ಕೋಣೆಗಳಾಗಿ ಮಾಡಿಕೊಂಡ. ಹೊಸ ಕಿಟಕಿ, ಹೊಸ ಒಲೆಗೂಡು, ಮೇಲೆ ತಿರುಚಿದ ಹೊಗೆಗೂಡುಗಳು. ಕೆಳಗಿನ ಕೈಸಾಲೆ, ಸಭೆಯ ಕೋಣೆ, ಚಳಿ ಕಾಯಿಸಿಕೊಳ್ಳುವ ಕೋಣೆ, ಇವು ಅವನಿಗೆ ದೊಡ್ಡದಾಗಿ ಬೇಕಾಗಲಿಲ್ಲ. ಆಳುಗಳ ಓಡಾಟಕ್ಕೆ, ಸಾಮಾನು ತುಂಬುವುದಕ್ಕೆ ಬಿಟ್ಟ. ಬೇಡವಾಗಿದ್ದರಿಂದಲೇ ಅವು ಉಳಿದವು. ಮನೆಯವರು ದಿನಾ ಕೂರುವ ಜಾಗವಾಗಿದ್ದಿದ್ದರೆ ಪ್ರತಿ ತಲೆಮಾರೂ ಹೊಸ ರುಚಿಗೆ ತಕ್ಕ ಹಾಗೆ ಅವನ್ನು ಕಿತ್ತು ಕಟ್ಟುತ್ತಿತ್ತು.

ಹೀಗಾಗಿ ಇಂಗ್ಲೆಂಡಿನಲ್ಲಿ ಇಷ್ಟು ಇಡಿಯಾಗಿ ಮಠದ ನಕ್ಷೆ ಒಡಲಲ್ಲಿ ಇಟ್ಟುಕೊಂಡ ವಾಸದ ಮನೆ ಸಿಗುವುದು ಅಪರೂಪ. ಚಳಿ ಕಾಯಿಸುವ ಕೋಣೆಯಲ್ಲಿ ಒಂದು ದೊಡ್ಡ ಲೋಹದ ಕೊಪ್ಪರಿಗೆ ನೋಡಿರಬೇಕು ನೀವು. ನಮ್ಮ ಆಲೆಮನೆಯ ಕೊಪ್ಪರಿಗೆಗಿಂತ ಆಳವಾದದ್ದು. ಅದನ್ನು ಬೆಲ್ಜಿಯಂ ಕಡೆಯ ಮೆಖೆಲೆನ್ ಊರಲ್ಲಿ 1500ರಲ್ಲಿ ಎರಕ ಹೊಯ್ದದ್ದು. ಎರಕದವನ ಹೆಸರು, ಇಸವಿ ಅದರ ಮೇಲೇ ಇದೆ.

ಇನ್ನು ಎಂಟು ಮೂಲೆಯ ಗೋಪುರ. ಅದು ಶಾರಿಂಗ್ಟನ್ ಹೊಸದಾಗಿ ಕಟ್ಟಿಸಿದ್ದು. ಅವನಿಗೆ ಇಟಲಿಯ ಹೊಸ ಶೈಲಿಯ ಹುಚ್ಚು. ಆಗಿನ ಇಂಗ್ಲೆಂಡಿಗೆ ಅದು ತೀರಾ ಹೊಸದು. ಗೋಪುರದೊಳಗೆ ಬೆಲೆಬಾಳುವುದನ್ನು ಇಡುವ ಕೋಣೆ, ಅದರ ನಡುವೆ ಕಲ್ಲಿನಲ್ಲೇ ಕಡೆದ ಎಂಟು ಮೂಲೆಯ ಮೇಜು. ಮೇಜಿನ ಕೆಳಗೆ ಅರ್ಧ ಮನುಷ್ಯ ಅರ್ಧ ಮೇಕೆಯ ರೂಪಗಳು ಕುಕ್ಕರಗಾಲಲ್ಲಿ ಕೂತು ತಲೆಯ ಮೇಲೆ ಹಣ್ಣಿನ ಬುಟ್ಟಿ ಹೊತ್ತಿವೆ. ಅದನ್ನು ಕೆತ್ತಿದವನು ಜಾನ್ ಚಾಪ್‌ಮನ್, ದೊರೆಯ ಕೆಲಸ ಮಾಡಿ ಬಂದಿದ್ದ ಶಿಲ್ಪಿ. ಒಳಛಾವಣಿಯಲ್ಲಿ ಚೇಳು ಇದೆ. ಚೇಳು ಶಾರಿಂಗ್ಟನ್ ಮನೆತನದ ಗುರುತು. ಮಗಳನ್ನು ಕರಕೊಂಡು ಹೋದಾಗ ಹುಡುಕಲು ಹೇಳಿ, ಮಕ್ಕಳಿಗೆ ಬೇಗ ಸಿಗುತ್ತದೆ.

ಹುಬ್ಬಳ್ಯಾಂವ_ರೆಡಿಂಗ್

ಅಕ್ಕಾರ, ನೀವು ಹೇಳಿದ್ದು ಖರೇ ಐತಿ. ಕೆಳಗಿನ ಕೈಸಾಲಿ ನೋಡಿ ನನಗೂ ಮಾತು ನಿಂತುಹೋಗಿತ್ತು. ಆದ್ರ ಆ ದೊಡ್ಡ ಹಜಾರ ನೋಡಿ ಮನಸ್ಸು ಸಣ್ಣದಾತು ನೋಡ್ರಿ. ಹೊರಗಿಂದ ನೋಡಿದ್ರ ಹಳೇ ಚರ್ಚ್ ಇದ್ದಂಗ ಕಾಣಸ್ತೈತಿ, ಒಳಗ ಹೋಗಿ ಕೇಳಿದ್ರ 1755ರ ಕೆಲಸ ಅಂದ್ರು. ಗೋಡಿ ಮ್ಯಾಲಿನ ಅಲಂಕಾರ ಪ್ಲಾಸ್ಟರ್. ಖರೇ ಗೋಥಿಕ್, ಅಂದ್ರ ಮೊನಚು ಕಮಾನಿನ ಹಳೇ ಚರ್ಚ್ ಶೈಲಿಯ ಕೆಲಸ, ನಾಕು ಹೆಜ್ಜಿ ದೂರದಾಗ ಇರುವಾಗ, ಇದನ್ನ ಯಾಕ ಕಟ್ಟಬೇಕಾಗಿತ್ತು? ಅದಕ್ಕಿಂತ ಮೊದಲ ಇದ್ದ ಶಾರಿಂಗ್ಟನ್‌ನ ಹಜಾರ ಕೆಡವಿ ಇದನ್ನ ಕಟ್ಯಾರ. ನನ್ನ ಕೇಳಿದ್ರ ಇದು ನಷ್ಟ. ನಾನು ಕಲ್ಲಿನ ಕೆಲಸದ ಮನಿತನದಿಂದ ಬಂದಾಂವ, ಪ್ಲಾಸ್ಟರ್‌ದಾಗ ಕಲ್ಲಿನ ವೇಷ ಹಾಕಿದ್ರ ನನಗ ತಡಕೊಳ್ಳಾಕ ಆಗೂದಿಲ್ಲ.

ಬಾತೂರ_ಸೊಸೆ

ಅಣ್ಣಾ, ನನಗೆ ಆ ಹಜಾರ ಇಷ್ಟವಾಯಿತು. ನಾನು ಕಲ್ಲಿನ ಮನೆತನದವಳಲ್ಲ, ಹಾಗಾಗಿ ಇರಬಹುದು! ಸಂಜೆ ಬಿಸಿಲು ಬಣ್ಣದ ಗಾಜಿನಿಂದ ಒಳಗೆ ಬಿದ್ದು ಆ ಮಣ್ಣಿನ ಮೂರ್ತಿಗಳಿಗೆಲ್ಲ ಜೀವ ಬಂದ ಹಾಗಿತ್ತು. ಅಲ್ಲೊಂದು ಮೇಕೆ ಇದೆ, ಅದರ ಮೂಗಿನ ಮೇಲೆ ಸಕ್ಕರೆಯ ಚೌಕ. 1919ರಲ್ಲಿ ಯಾರೋ ವಿದ್ಯಾರ್ಥಿ ತಮಾಷೆಗೆ ಇಟ್ಟದ್ದಂತೆ, ಅವತ್ತಿಂದ ಹಾಗೇ ಬಿಟ್ಟಿದ್ದಾರೆ ಅಂತ ಅಲ್ಲಿನವರು ಹೇಳಿದರು. ಮಗಳು ಇಡೀ ಮನೆಯಲ್ಲಿ ನೆನಪಿಟ್ಟುಕೊಂಡದ್ದು ಅದೊಂದನ್ನೇ.

ನನ್ನ ಪ್ರಶ್ನೆ ಏನೆಂದರೆ, ಕಟ್ಟಿಸಿದವನಿಗೆ ಕೆಳಗಿನ ನಿಜವಾದ ಕಮಾನುಗಳು ಕಾಣುತ್ತಿರಲಿಲ್ಲವೇ?

ಸುಣ್ಣಗಾರೆ

ಕಾಣುತ್ತಿತ್ತು. ಅದಕ್ಕೇ ಕಟ್ಟಿಸಿದ ಅಂತ ನನ್ನ ಅಭಿಪ್ರಾಯ.

ಶಾರಿಂಗ್ಟನ್‌ಗೆ ಮಕ್ಕಳಿರಲಿಲ್ಲ. ಮನೆ ತಮ್ಮ ಹೆನ್ರಿಗೆ ಬಂತು, ಅವನ ಮಗಳು ಆಲಿವ್ ಟಾಲ್ಬಟ್ ಮನೆತನಕ್ಕೆ ಸೊಸೆಯಾಗಿ ಹೋದಳು, ಅಲ್ಲಿಂದ ಮನೆ ಟಾಲ್ಬಟ್ಟರದ್ದಾಯಿತು. 18ನೇ ಶತಮಾನದ ಯಜಮಾನ ಜಾನ್ ಐವರಿ ಟಾಲ್ಬಟ್. ಅವನ ಕಾಲಕ್ಕೆ ಸಿರಿವಂತರೆಲ್ಲ ಗ್ರೀಕ್ ರೋಮನ್ ಕಂಬದ ಮನೆಗಳನ್ನು ಕಟ್ಟಿಸುತ್ತಿದ್ದರು. ಅವನು ಆ ದಾರಿ ಹಿಡಿಯಲಿಲ್ಲ. ‘ನನ್ನದು ಮಠದ ಮನೆ, ಹಜಾರವೂ ಅದಕ್ಕೆ ಹೊಂದಬೇಕು’ ಅನ್ನುವ ಆಸೆ ಅವನದು ಅನ್ನಿಸುತ್ತದೆ. ವಾರಿಕ್‌ಶರ್‌ನ ಸ್ಯಾಂಡರ್ಸನ್ ಮಿಲ್ಲರ್ ಅನ್ನುವವನಿಂದ ನಕ್ಷೆ ಮಾಡಿಸಿದ. ಮಿಲ್ಲರ್ ವೃತ್ತಿಯಲ್ಲಿ ವಾಸ್ತುಶಿಲ್ಪಿಯಲ್ಲ, ಜಮೀನ್ದಾರ. ಹವ್ಯಾಸಕ್ಕೆ ಗೆಳೆಯರಿಗೆಲ್ಲ ನಕ್ಷೆ ಬರೆದುಕೊಡುತ್ತಿದ್ದ, ಎಜ್‌ಹಿಲ್ ಗುಡ್ಡದ ಮೇಲೆ ಹಾಳುಕೋಟೆಯಂಥ ಗೋಪುರವನ್ನೇ ಹೊಸದಾಗಿ ಕಟ್ಟಿಸಿದ್ದ. ಆ ಕಾಲದಲ್ಲಿ ಗೋಥಿಕ್ ಅಂದರೆ ಯಾರೂ ಅಳತೆ ಹಿಡಿದು ಅಭ್ಯಾಸ ಮಾಡಿದ ವಿದ್ಯೆಯಲ್ಲ. ಕಣ್ಣಿಗೆ ಹಿಡಿಸಿದ ಮೊನಚು ಕಮಾನು, ಎಲೆಬಳ್ಳಿ, ಇಷ್ಟೆ. ಮೂರ್ತಿಗಳನ್ನು ಮಾಡಿದವನು ವಿಕ್ಟರ್ ಅಲೆಕ್ಸಾಂಡರ್ ಸೆಡರ್‌ಬಾಕ್. ಒಳಛಾವಣಿಯ ತುಂಬ ಯಜಮಾನನ ಸ್ನೇಹಿತರ ಮನೆತನದ ಲಾಂಛನಗಳು.

ಹುಬ್ಬಳ್ಳಿಯವರೇ, ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಪ್ಲಾಸ್ಟರ್ ಅನ್ನುವ ಕಾರಣಕ್ಕೆ ಅದನ್ನು ಸುಳ್ಳು ಅನ್ನಲು ನನ್ನಿಂದ ಆಗದು. ಅದು 1755ರ ಜನ ಮಠವನ್ನು ಹೇಗೆ ಕಲ್ಪಿಸಿಕೊಂಡರು ಅನ್ನುವುದರ ನಿಜವಾದ ಸಾಕ್ಷಿ. ಅದನ್ನು ತೆಗೆದರೆ ಶಾರಿಂಗ್ಟನ್ ಹಜಾರ ವಾಪಸ್ ಬರುವುದಿಲ್ಲ. ಖಾಲಿ ಜಾಗ ಸಿಗುತ್ತದೆ, ಅಷ್ಟೆ.

ಇಂಗ್ಲೆಂಡಿನಲ್ಲಿ ಈ ಜಗಳ ದೊಡ್ಡದಾಗಿ ನಡೆದಿದೆ. 19ನೇ ಶತಮಾನದಲ್ಲಿ ಚರ್ಚುಗಳಿಗೆ ಆಮೇಲಿನವರು ಸೇರಿಸಿದ್ದನ್ನೆಲ್ಲ ಕೆರೆದು ತೆಗೆದು ‘ಮೂಲಕ್ಕೆ ತರುತ್ತೇವೆ’ ಅಂತ ಹೊರಟವರು ಬಹಳ. ಅದನ್ನು ತಡೆಯುವುದಕ್ಕೇ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಮತ್ತು ಸಂಗಡಿಗರು 1877ರಲ್ಲಿ ಪುರಾತನ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದರು. ಕೆರೆಯಬೇಡಿ, ದಿನದಿನದ ದುರಸ್ತಿ ಮಾಡಿ ಕಾಪಾಡಿ ಅನ್ನುವುದು ಅವರ ವಾದ. ನಾನು ಆ ಪಂಥದವಳು. ನಮ್ಮ ಕೆಲಸದಲ್ಲಿ ದಿನಾ ನೋಡುತ್ತೇನೆ, ಮೂಲದ ಆಸೆಗೆ ಬಿದ್ದು ಸುಣ್ಣದ ಗಾರೆ ಕಿತ್ತು ಕಲ್ಲು ಬತ್ತಲೆ ಮಾಡುತ್ತಾರೆ, ಸಂದಿಗೆ ಸಿಮೆಂಟು ತುಂಬುತ್ತಾರೆ. ಮೆತ್ತನೆಯ ಸುಣ್ಣಕಲ್ಲಿಗೆ ಸಿಮೆಂಟು ಹಾಕಿದರೆ ಗೋಡೆಯ ತೇವ ಸಂದಿನಿಂದ ಹೊರಗೆ ಬರಲಾರದೆ ಕಲ್ಲಿನ ಮುಖದಿಂದಲೇ ಬರುತ್ತದೆ. ಕೆಲವೇ ವರ್ಷದಲ್ಲಿ ಕಲ್ಲು ಹಪ್ಪಳದ ಹಾಗೆ ಪದರ ಪದರ ಏಳುತ್ತದೆ, ಸಿಮೆಂಟಿನ ಗೆರೆ ಮಾತ್ರ ನಿಂತಿರುತ್ತದೆ.

ಕ್ಯಾಮೆರಾ_ಕಿಟ್ಟಿ

ಇಷ್ಟೆಲ್ಲ ಮಾತಾಡಿ ಯಾರೂ ಕಿಟಕಿಯ ಸುದ್ದಿಯನ್ನೇ ಎತ್ತಲಿಲ್ಲವಲ್ಲ! ನನ್ನ ಪಾಲಿಗೆ ಲೇಕಾಕ್ ಅಂದರೆ ಆ ಕಿಟಕಿ.

ಐವರಿ ಟಾಲ್ಬಟ್ ವಂಶದಲ್ಲೇ ಮುಂದೆ ಹುಟ್ಟಿದವನು ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್. ಹುಟ್ಟಿದ್ದು 1800ರಲ್ಲಿ. ಅದೇ ವರ್ಷ ಅಪ್ಪ ತೀರಿಕೊಂಡ, ತಲೆ ಮೇಲೆ ಸಾಲ ಬಿಟ್ಟು. ಮನೆಯನ್ನು ಬಾಡಿಗೆಗೆ ಕೊಟ್ಟರು. ಅವನ ತಾಯಿ ಲೇಡಿ ಎಲಿಸಬೆತ್ ಬಹಳ ಜಾಣೆ. ಎರಡನೇ ಮದುವೆಯಾದ ಮೇಲೆ ಗಂಡ ಕ್ಯಾಪ್ಟನ್ ಫೀಲ್ಡಿಂಗ್ ಜೊತೆ ಸೇರಿ ಆಸ್ತಿಯನ್ನು ಸಾಲದಿಂದ ಬಿಡಿಸಿದಳು. ಇವರು ಮತ್ತೆ ಮನೆಗೆ ಬಂದು ನೆಲೆಸಿದ್ದು 1827ರಲ್ಲಿ. ಬಂದವರೇ ತೆಂಕಣ ಬದಿಯ ಮೇಲಂತಸ್ತಿನ ಉದ್ದ ಕೋಣೆಯನ್ನು ತಿದ್ದಿ ಕಟ್ಟಿ, ಗೋಡೆಯಿಂದ ಹೊರಚಾಚಿದ ಮೂರು ಕಿಟಕಿ ಇಡಿಸಿದರು. 1830ರ ಹೊತ್ತಿಗೆ ಆ ಕೆಲಸ ಮುಗಿಯಿತು.

ಅದರಲ್ಲಿ ನಡುವಿನದು ಚಿಕ್ಕದು. ಸೀಸದ ಪಟ್ಟಿಯಲ್ಲಿ ಕೂರಿಸಿದ ಸಣ್ಣ ಸಣ್ಣ ಗಾಜು, ಜಾಳಂದ್ರದ ಹಾಗೆ. 1835ರ ಆಗಸ್ಟಿನಲ್ಲಿ ಫಾಕ್ಸ್ ಟಾಲ್ಬಟ್ ಅಂಗೈಯಗಲದ ಮರದ ಪೆಟ್ಟಿಗೆಯೊಂದನ್ನು ಆ ಕಿಟಕಿಗೆ ಎದುರಾಗಿ ಇಟ್ಟ. ಒಳಗೆ ಉಪ್ಪು ಮತ್ತು ಬೆಳ್ಳಿಯ ದ್ರಾವಣ ಹಚ್ಚಿದ ಕಾಗದ. ಇಂಥ ಪೆಟ್ಟಿಗೆಗಳನ್ನು ಮನೆಯ ಸುತ್ತ ಅಲ್ಲಲ್ಲಿ ಇಡುತ್ತಿದ್ದನಂತೆ, ಹೆಂಡತಿ ಕಾನ್‌ಸ್ಟನ್ಸ್ ಅವನ್ನು ಇಲಿಬೋನು ಅಂತ ಕರೆಯುತ್ತಿದ್ದಳು. ಕಿಟಕಿಯ ಬೆಳಕು ಕಾಗದದ ಮೇಲೆ ಕಪ್ಪಾಗಿ ಇಳಿಯಿತು. ಗಾಜಿನ ನಡುವಿನ ಪಟ್ಟಿಗಳು ಬೆಳ್ಳಗೆ ಉಳಿದವು. ಅಂಚೆಚೀಟಿಯಷ್ಟು ಗಾತ್ರ. ಭೂತಕನ್ನಡಿ ಹಿಡಿದರೆ ಸುಮಾರು 200 ಗಾಜು ಎಣಿಸಬಹುದಿತ್ತು ಅಂತ ಅವನೇ ಪಕ್ಕದಲ್ಲಿ ಬರೆದಿಟ್ಟಿದ್ದಾನೆ. ಕ್ಯಾಮೆರಾದಲ್ಲಿ ತೆಗೆದ ನೆಗೆಟಿವ್‌ಗಳಲ್ಲಿ ಇವತ್ತಿಗೂ ಉಳಿದಿರುವ ಅತಿ ಹಳೆಯದು ಅದು.

ಅಂದರೆ ಹುಬ್ಬಳ್ಳಿಯವರೇ, ‘ಮೂಲ’ ಅಂತ ಹಟ ಹಿಡಿದು 1830ರ ಕಿಟಕಿಯನ್ನು ಕಿತ್ತಿದ್ದರೆ ನಾವು ಏನು ಕಳಕೊಳ್ಳುತ್ತಿದ್ದೆವು ನೋಡಿ. ಆ ಕಿಟಕಿ ಆಗಿನ್ನೂ ಐದೋ ಆರೋ ವರ್ಷದ ಕೂಸು.

ಹಳೇಬೀಡಿನ_ನಂಟ

ಕಿಟ್ಟಿ ಸರ್, ಈ ಮಾತಿಗೆ ನಮ್ಮ ಕಡೆಯ ಎಳೆಯೊಂದು ಸೇರಿಸುತ್ತೇನೆ. ಫಾಕ್ಸ್ ಟಾಲ್ಬಟ್ 1841ರಲ್ಲಿ ಕಾಗದದ ನೆಗೆಟಿವ್ ವಿಧಾನವನ್ನು ಸುಧಾರಿಸಿ ಪೇಟೆಂಟ್ ಮಾಡಿಸಿದ. ಆಮೇಲೆ ಫ್ರಾನ್ಸಿನಲ್ಲಿ ಅದೇ ಕಾಗದಕ್ಕೆ ಮೇಣ ಹಚ್ಚುವ ಉಪಾಯ ಬಂತು. ಬಿಸಿ ನಾಡಿಗೆ ಅದು ಹೇಳಿ ಮಾಡಿಸಿದ್ದು, ಕಾಗದವನ್ನು ಮೊದಲೇ ಸಿದ್ಧ ಮಾಡಿಕೊಂಡು ಊರೂರು ತಿರುಗಬಹುದು. ಬೆಂಗಳೂರಿನಲ್ಲಿದ್ದ ಸೇನಾಧಿಕಾರಿ ಲಿನಿಯಸ್ ಟ್ರೈಪ್ 1854ರ ಡಿಸೆಂಬರಿನಲ್ಲಿ ಡಾಕ್ಟರ್ ನೀಲ್ ಜೊತೆ ಹಳೇಬೀಡು, ಬೇಲೂರಿಗೆ ಬಂದು ದೇವಸ್ಥಾನಗಳ ಚಿತ್ರ ತೆಗೆದದ್ದು ಇಂಥ ಕಾಗದದ ನೆಗೆಟಿವ್‌ನಲ್ಲೇ. ಹೊಯ್ಸಳೇಶ್ವರದ ಗೋಡೆ ಆಗ ಹೇಗಿತ್ತು ಅಂತ ನಮಗೆ ಇವತ್ತು ಗೊತ್ತಾಗುವುದು ಆ ಚಿತ್ರಗಳಿಂದ. ನಾನು ಹುಟ್ಟಿ ಬೆಳೆದದ್ದು ಆ ಗುಡಿಯ ಹಿಂದಿನ ಬೀದಿಯಲ್ಲಿ. ಆ ಚಿತ್ರಗಳ ಮುದ್ರಣ ಮೊದಲ ಸಲ ನೋಡಿದಾಗ ಕಣ್ಣು ತುಂಬಿ ಬಂದಿತ್ತು. ಲೇಕಾಕ್ ಕಿಟಕಿಗೂ ನಮ್ಮೂರಿಗೂ ಹತ್ತೊಂಬತ್ತೇ ವರ್ಷದ ದಾರಿ ಅನ್ನುವುದು ಇವತ್ತು ಲೆಕ್ಕ ಹಾಕಿದಾಗ ತಿಳಿಯಿತು.

ಇತಿಹಾಸದ_ಮೇಷ್ಟ್ರು

ಒಳ್ಳೆಯ ಮಾತು. ಆದರೆ ಮಾತು ಬರುಬರುತ್ತಾ ಎಲ್ಲ ಬದಲಾವಣೆಯೂ ಒಳ್ಳೆಯದೇ ಅನ್ನುವ ಕಡೆ ವಾಲುತ್ತಿದೆ. ಅದಕ್ಕೆ ನನ್ನ ಒಪ್ಪಿಗೆ ಇಲ್ಲ.

ಶಾರಿಂಗ್ಟನ್ ಯಾರು ಅಂತ ತಿಳಿದಿರಲಿ. ಬ್ರಿಸ್ಟಲ್ ಟಂಕಸಾಲೆ ಅವನ ಕೈಯಲ್ಲಿತ್ತು. ನಾಣ್ಯದಲ್ಲಿ ಮೋಸ ಮಾಡಿದ, ಲೆಕ್ಕ ತಿದ್ದಿದ, ಬಾಲಕ ದೊರೆ ಆರನೇ ಎಡ್ವರ್ಡ್‌ನ ಸೋದರಮಾವ ಥಾಮಸ್ ಸೀಮೋರ್‌ನ ಪಿತೂರಿಗೆ ಹಣ ಒದಗಿಸಲು ಒಪ್ಪಿದ. 1549ರಲ್ಲಿ ಸೆರೆಯಾದ. ಸೀಮೋರ್ ತಲೆ ಹೋಯಿತು, ಇವನಿಗೆ ಕ್ಷಮೆ ಸಿಕ್ಕಿತು, ದಂಡ ಕೊಟ್ಟು ಆಸ್ತಿ ಬಿಡಿಸಿಕೊಂಡ. ಅಂಥವನ ಗೋಪುರದ ಕಲ್ಲಿನ ಮೇಜನ್ನು ನಾವು ಹೊಗಳುವಾಗ, ಅದೇ ಕೈ 300 ವರ್ಷ ಪ್ರಾರ್ಥನೆ ನಡೆದ ಚರ್ಚನ್ನು ನೆಲಸಮ ಮಾಡಿಸಿತು ಅನ್ನುವುದನ್ನೂ ಹೇಳಬೇಕು. ಈಲಾ ಆ ಮಠ ಕಟ್ಟಿಸಿದ್ದೇ ಗಂಡನ ಆತ್ಮಕ್ಕೆ ಪ್ರಾರ್ಥನೆ ಸಲ್ಲಲಿ ಅಂತ. ಸೊಸೆಯವರ ಅತ್ತೆ “ದೇವರೆಲ್ಲಿ” ಅಂದದ್ದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ಕಡಲತಡಿ

ಮೇಷ್ಟ್ರ ಮಾತಿಗೆ ಪೂರಕವಾಗಿ ಒಂದು. ಡಾರ್ಸೆಟ್‌ನ ಕಿಂಗ್ಸ್‌ಟನ್ ಲೇಸಿ ನೋಡಿದ್ದೀರಾ? 1660ರ ದಶಕದಲ್ಲಿ ರೋಜರ್ ಪ್ರ್ಯಾಟ್ ಕಟ್ಟಿದ ಕೆಂಪಿಟ್ಟಿಗೆಯ ಮನೆ ಅದು. ಲೇಕಾಕ್ ಕಿಟಕಿಯ ಕಾಲದಲ್ಲೇ, 1835ರಿಂದ, ಚಾರ್ಲ್ಸ್ ಬ್ಯಾರಿ ಅದರ ಮೈಗೆ ಸುತ್ತಲೂ ಚಿಲ್‌ಮಾರ್ಕ್ ಕಲ್ಲಿನ ಹೊದಿಕೆ ಹಾಕಿಬಿಟ್ಟ. ಲಂಡನ್ನಿನ ಪಾರ್ಲಿಮೆಂಟ್ ಕಟ್ಟಡದ ಬ್ಯಾರಿಯೇ. ಹೊರಗೆ ನಿಂತು ನೋಡಿದರೆ ಇಟ್ಟಿಗೆ ಮನೆ ಇತ್ತು ಅನ್ನುವ ಸುಳಿವೇ ಇಲ್ಲ. ಚೆಂದ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅದರ ಎದುರು ನಿಂತರೆ ಒಂದೇ ಕಾಲ ಕಾಣುತ್ತದೆ. ಲೇಕಾಕ್‌ನಲ್ಲಿ ಯಾರೂ ಹಿಂದಿನವರ ಮೇಲೆ ಪೂರ್ತಿ ಹೊದಿಕೆ ಎಳೆಯಲಿಲ್ಲ. ಅದಕ್ಕೇ ನಾವು ಇಷ್ಟು ಮಾತಾಡಲು ಆಗುತ್ತಿದೆ.

ಹುಬ್ಬಳ್ಯಾಂವ_ರೆಡಿಂಗ್

ಕಿಟ್ಟಿಯವರ, ಕಿಟಕಿ ವಿಷಯದಾಗ ನಾ ಸೋತೆ. ಅದು ಇರಲೇಬೇಕು. ಹಜಾರದ ವಿಷಯದಾಗ ಮಾತ್ರ ನನ್ನ ಮನಸ್ಸು ಇನ್ನೂ ಒಪ್ಪವಲ್ದು. ಕಿತ್ತು ಹಾಕ್ರಿ ಅಂತ ನಾ ಅಂದಿಲ್ಲ, ಅನ್ನೂದೂ ಇಲ್ಲ. ಆದ್ರ ಶಾರಿಂಗ್ಟನ್‌ನ ಹಜಾರ ಹೆಂಗಿತ್ತು ಅಂತ ನೋಡೋ ಭಾಗ್ಯ ಯಾರಿಗೂ ಉಳೀಲಿಲ್ಲ ಅನ್ನೂ ದುಃಖ ಐತಿ. ಚರ್ಚ್ ಹೋದ ದುಃಖ ಮೇಷ್ಟ್ರಿಗೆ ಎಷ್ಟೋ, ಇದು ನನಗ ಅಷ್ಟ.

ಸುಣ್ಣಗಾರೆ

ಇಬ್ಬರದ್ದೂ ನ್ಯಾಯವಾದ ದುಃಖ.

ಸೊಸೆಯವರೇ, ನೀವು ಮತ್ತೆ ಹೋಗುವಾಗ ಹೀಗೆ ಮಾಡಿ. ಒಳಗೆ ಹೋಗುವ ಮೊದಲು ಮನೆಯನ್ನು ಹೊರಗಿಂದ ತೆಂಕಣ ಬದಿಗೆ ಸುತ್ತಿ ಬನ್ನಿ. ಮೂರು ಕಿಟಕಿ ಹೊರಚಾಚಿರುವ ಗೋಡೆ ಅದೇ. ಎಲ್ಲರೂ ಕಿಟಕಿಯ ಫೋಟೊ ತೆಗೆದು ಹೊರಡುತ್ತಾರೆ. ನೀವು ಗೋಡೆಯನ್ನು ನೋಡಿ. ಅದು ಮನೆಗೆಂದು ಕಟ್ಟಿದ ಗೋಡೆಯೇ ಅಲ್ಲ. ಕೆಡವಿದ ಚರ್ಚಿನ ಬಡಗಣ ಗೋಡೆ. ಶಾರಿಂಗ್ಟನ್ ಮೂರು ಬದಿ ಕೆಡವಿದ, ಕೈಸಾಲೆಗೆ ಒರಗಿದ್ದ ಈ ಬದಿಯನ್ನು ಕೆಡವಿದರೆ ಅವನ ಮನೆಯೇ ಬೀಳುತ್ತಿತ್ತು, ಬಿಟ್ಟ. ಅಂದರೆ ಇವತ್ತು ನಾವು ‘ಹೊರಗೋಡೆ’ ಅನ್ನುವುದು ಒಂದು ಕಾಲಕ್ಕೆ ಚರ್ಚಿನ ಒಳಗೋಡೆ. ಹುಲ್ಲಿನ ಮೇಲೆ ನಿಂತು ತಲೆಯೆತ್ತಿ ನೋಡಿದರೆ ಕಮಾನು ಛಾವಣಿ ಗೋಡೆಯಿಂದ ಚಿಗುರುತ್ತಿದ್ದ ಜಾಗದ ಗುರುತುಗಳು ಕಾಣುತ್ತವೆ.

ಕಲ್ಲಿನ ವರಸೆ, ಅಂದರೆ ಅಡ್ಡ ಸಾಲು, ನೋಡುವ ಅಭ್ಯಾಸ ಮಾಡಿಕೊಳ್ಳಿ. ಒಂದೇ ಸಲಕ್ಕೆ ಕಟ್ಟಿದ ಗೋಡೆಯಲ್ಲಿ ವರಸೆಗಳು ಒಂದಕ್ಕೊಂದು ಕೈ ಹಿಡಿದುಕೊಂಡು ಹೋಗುತ್ತವೆ. ಆಮೇಲೆ ಸೇರಿಸಿದ ಕಡೆ ಮೇಲಿಂದ ಕೆಳಗೆ ನೆಟ್ಟಗೆ ಒಂದು ಸಂದು ಇಳಿಯುತ್ತದೆ, ಅಥವಾ ಕಲ್ಲಿನ ಗಾತ್ರ ತಟ್ಟನೆ ಬದಲಾಗುತ್ತದೆ. ಕಿಟಕಿ ಕೂರಿಸಿದ ಸುತ್ತಮುತ್ತ ನೋಡಿದರೆ ಗೊತ್ತಾಗುತ್ತದೆ. ನಾನಂತೂ ಯಾವ ಹಳೆಯ ಮನೆಗೆ ಹೋದರೂ ಮೊದಲು ಹುಡುಕುವುದು ಈ ಸಂದುಗಳನ್ನೇ. ಫಲಕದಲ್ಲಿ ಬರೆದ ಇಸವಿ ತಪ್ಪಿರಬಹುದು, ಸಂದು ತಪ್ಪುವುದಿಲ್ಲ.

ಇನ್ನೊಬ್ಬರನ್ನು ನೆನೆಯದೆ ಮುಗಿಸಲಾರೆ. ಫಾಕ್ಸ್ ಟಾಲ್ಬಟ್ಟನ ಮಗ ಚಾರ್ಲ್ಸ್ ಹೆನ್ರಿ ಟಾಲ್ಬಟ್ ಮದುವೆಯಾಗದೆ ಇಡೀ ಜೀವನ ಈ ಮನೆಯ ಕಲ್ಲು ಕಲ್ಲನ್ನೂ ಅಭ್ಯಾಸ ಮಾಡಿದವನು. ಪಕ್ಕದ ಕಾರ್ಶಮ್ ಊರಿನ ವಾಸ್ತುಶಿಲ್ಪಿ ಹೆರಾಲ್ಡ್ ಬ್ರೇಕ್‌ಸ್ಪಿಯರ್ ಅಗೆಸಿ ಅಳೆದು ಚರ್ಚಿನ ತಳಪಾಯದ ನಕ್ಷೆ ತೆಗೆದದ್ದು ಅವನ ಕಾಲದಲ್ಲೇ. ಚಾರ್ಲ್ಸ್ ಆದಮೇಲೆ ಮನೆ ಬಂದದ್ದು ಸೋದರ ಸೊಸೆ ಮಟಿಲ್ಡಾಗೆ. ಆಕೆ 1944ರಲ್ಲಿ ಮನೆಯನ್ನೂ ಇಡೀ ಹಳ್ಳಿಯನ್ನೂ ಹಳೆಯ ಕಟ್ಟಡ, ಜಾಗಗಳನ್ನು ಕಾಪಾಡುವ ಸಂಸ್ಥೆ ನ್ಯಾಷನಲ್ ಟ್ರಸ್ಟಿಗೆ ಕೊಟ್ಟಳು. ಹಳ್ಳಿಯಲ್ಲಿ ತಂತಿ, ಆಂಟೆನಾ ಏನೂ ಕಣ್ಣಿಗೆ ಬೀಳದಿರುವುದು ಅದರಿಂದ.

ಬಾತೂರ_ಸೊಸೆ

ಎಲ್ಲರಿಗೂ ಕೈಮುಗಿದೆ. ಈವತ್ತು ಮತ್ತೆ ಹೋಗಿ ಬಂದೆವು.

ಸುಣ್ಣಗಾರೆ ಅಕ್ಕ ಹೇಳಿದ ಹಾಗೇ ಮೊದಲು ತೆಂಕಣ ಬದಿಗೆ ಹೋದೆವು. ಮಳೆ ಆಗಷ್ಟೇ ನಿಂತಿತ್ತು, ಕಲ್ಲು ಇನ್ನೂ ಒದ್ದೆ, ಒದ್ದೆ ಇದ್ದದ್ದರಿಂದಲೋ ಏನೋ ಒಂದೊಂದು ಕಲ್ಲಿನ ಬಣ್ಣವೂ ಬೇರೆ ಬೇರೆ ಕಾಣುತ್ತಿತ್ತು. ಕಿಟಕಿಗಳ ನಡುವೆ, ಮೇಲ್ಗಡೆ, ಗೋಡೆಯಿಂದ ಕಮಾನು ಹೊರಟು ಅಲ್ಲೇ ಕತ್ತರಿಸಿ ಹೋದ ಹಾಗೆ ಗುರುತು. ಹೋದ ಸಲ ಇದೇ ಜಾಗದಲ್ಲಿ ನಿಂತು ನಾನು ಸೆಲ್ಫಿ ತೆಗೆದುಕೊಂಡಿದ್ದೆ. ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಮಗಳು ನಡುವಿನ ಕಿಟಕಿಯ ಗಾಜು ಎಣಿಸಲು ಶುರು ಮಾಡಿದಳು. ಅರವತ್ತು ಚಿಲ್ಲರೆಗೆ ತಪ್ಪಿಹೋಯಿತು, ಮತ್ತೆ ಮೊದಲಿಂದ ಶುರು.

ಅತ್ತೆಗೆ ಹೇಳಿದೆ: “ಅತ್ತೆ, ಅವತ್ತು ಕೇಳಿದ್ರಲ್ಲ. ದೇವರಿದ್ದದ್ದು ಇಲ್ಲಿ. ನಾವು ನಿಂತಿರೋದೇ ಚರ್ಚಿನ ಒಳಗೆ.”

ಅವರು ಒಂದು ಕ್ಷಣ ಏನೂ ಹೇಳಲಿಲ್ಲ. ಕಾಲ ಕೆಳಗಿನ ಹುಲ್ಲು ನೋಡಿದರು. ಆಮೇಲೆ ನನ್ನ ಭುಜ ಹಿಡಿದುಕೊಂಡು ಒಂದೊಂದೇ ಶೂ ಬಿಚ್ಚಿ ಬದಿಗಿಟ್ಟರು. ಹುಲ್ಲು ತಣ್ಣಗೆ ಕೊರೆಯುತ್ತಿತ್ತು, ಸಾಕ್ಸ್ ನೆನೆಯುತ್ತೆ ಅಂದರೂ ಕೇಳಲಿಲ್ಲ. ಗೋಡೆಯ ಮೇಲಿನ ಗುರುತಿನ ಕಡೆ ಬೆರಳು ತೋರಿಸಿ, “ಛಾವಣಿ ಅಷ್ಟೆತ್ತರಕ್ಕೆ ಇತ್ತಾ?” ಅಂದರು.